ದೂರದ ಪ್ರತಿಯೂ ನಡುದಾರಿಯ ಮೌನವೂ

ಮುಂದಿನ ಮುಂಗಾರಿಗೆ ಬಿತ್ತಬೇಕಾದ ರಾಗಿಯನ್ನು ಊಟದ ರಾಗಿಯೊಡನೆ ಬೆರೆಸದೆ ಬೇರೊಂದು ವಾಡೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಅದರಲ್ಲಿಯೂ ನಾಲ್ಕು ಸೇರನ್ನು ಪಕ್ಕದ ಊರಿನ ನೆಂಟರ ಮನೆಯಲ್ಲಿ ಇರಿಸಿಬರುತ್ತಿದ್ದ ಹಿರಿಯರನ್ನು ನಾವು ಚಿಕ್ಕಂದಿನಲ್ಲಿ ಕಂಡಿದ್ದೇವೆ. ಮನೆಗೆ ಬೆಂಕಿ ಬಿದ್ದರೂ, ಹೆಗ್ಗಣ ಕೊರೆದರೂ ಬಿತ್ತನೆಗೆ ಕೊರತೆಯಾಗಬಾರದೆಂಬುದು ಅವರ ಎಣಿಕೆ. ಈಗಿನ ಗೃಹಸ್ಥನಿಗೆ ಹಾಗೆ ಕಾಪಾಡತಕ್ಕ ಇನ್ನೊಂದು ಬಗೆಯ ಬೀಜವು ಒದಗಿದೆ. ಅಂಗಡಿಯ ಲೆಕ್ಕ, ಕೊಟ್ಟ ಸಾಲದ ಪಟ್ಟಿ, ಮಕ್ಕಳ ಮದುವೆಯ ಚಿತ್ರಗಳು, ಜಮೀನಿನ ಕಾಗದಪತ್ರಗಳ ನಕಲು, ಇವೆಲ್ಲವೂ ಇಂದು ಕಂಪ್ಯೂಟರಿನೊಳಗಿನ ಒಂದು ಅಂಗೈಯಗಲದ ಡಿಸ್ಕಿನಲ್ಲಿ ಅಡಗಿರುವುವು. ಆ ಡಿಸ್ಕು ಒಂದು ದಿನ ಕೆಡುವುದು ನಿಶ್ಚಯ. ಎಂದು ಕೆಡುವುದೆಂಬುದು ಮಾತ್ರ ಅನಿಶ್ಚಯ. ಆದಕಾರಣ ಬಲ್ಲವರು ಅದರ ಪ್ರತಿಯೊಂದನ್ನು ದೂರದ ಊರಿನಲ್ಲಿರುವ ಸರ್ವರಿಗೆ ರಾತ್ರಿಯ ಹೊತ್ತು ತಂತಿಯ ಮೂಲಕ ಕಳುಹಿಸಿಡುತ್ತಾರೆ. ಇದಕ್ಕೆ ಬ್ಯಾಕಪ್ ಎಂದು ಹೆಸರು.

ಕಳುಹಿಸುವುದೇನೋ ಸರಿ, ಮುಟ್ಟಿತೆ ಎಂದು ವಿಚಾರಿಸುವವರು ಎಷ್ಟು ಮಂದಿ? ನಡುದಾರಿಯಲ್ಲಿ ಸಂಭಾಷಣೆ ನಿಂತುಹೋದಾಗ ಯಂತ್ರವು ಕೆಲವು ಕಾಲ ಕಾದು ನೋಡಿ, ಉತ್ತರ ಬಾರದಿದ್ದರೆ ‘ಟೈಮ್‌ಔಟ್’ ಎಂದು ಬರೆದಿಟ್ಟು ಸುಮ್ಮನಾಗುತ್ತದೆ. ಕಾಯುವ ಕಾಲ ಮೀರಿತು ಎಂಬುದಷ್ಟೇ ಆ ಮಾತಿನ ಅರ್ಥ. ಏಕೆ ಮೀರಿತು, ತಪ್ಪು ಯಾರದು ಎಂಬುದನ್ನು ಅದು ಹೇಳುವುದಿಲ್ಲ. ಈ ಒಂದು ಮಾತನ್ನು ಓದುವವರಿಲ್ಲದೆ ನಮ್ಮ ಮಿತ್ರರೊಬ್ಬರ ಮನೆಯಲ್ಲಿ ಉಂಟಾದ ತೊಂದರೆಯನ್ನೂ, ಅದರ ಮೂಲವನ್ನು ಅವರ ಸೊಸೆಯು ಕಂಡುಹಿಡಿದ ಬಗೆಯನ್ನೂ, ಅದೇ ಸೀಮೆಯ ಬೇರೆ ಊರುಗಳಲ್ಲಿ ನಾವು ಕಂಡ ಇನ್ನು ಕೆಲವು ಸಂಗತಿಗಳನ್ನೂ ವಾಚಕರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಪ್ರತಿಯ ಬೆಲೆ

ಪ್ರತಿಯ ಬೆಲೆಯೇನೆಂಬುದನ್ನು ಈ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವನ್ನು ೧೯೦೫ರಲ್ಲಿ ಪ್ರಕಟಿಸಿದರು. ಅದು ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳೂ ಆಗ ಆ ಜಿಲ್ಲೆಗೆ ಸೇರಿದ್ದುವು. ೨೦೦೭ರಲ್ಲಿ ಚಿಕ್ಕಬಳ್ಳಾಪುರವು ಪ್ರತ್ಯೇಕ ಜಿಲ್ಲೆಯಾದಾಗ ಅದರ ಪಾಲಿಗೆ ಬಂದುವು. ಹೊಲದ ಬದುವಿನಲ್ಲಿಯೂ ಕೆರೆಯ ಏರಿಯ ಮೇಲೆಯೂ ಗುಡಿಯ ಬಾಗಿಲಿನಲ್ಲಿಯೂ ನಿಂತಿದ್ದ ಕಲ್ಲುಗಳ ಬರಹವು ಆ ಸಂಪುಟದಲ್ಲಿ ತಾಲ್ಲೂಕುವಾರಾಗಿ ಅಚ್ಚಾಗಿದೆ. ಅಂಥ ಕಲ್ಲುಗಳಲ್ಲಿ ಕೆಲವು ರಸ್ತೆಗೆ ಜಲ್ಲಿಯಾಗಿಯೂ ಕೆಲವು ಮನೆಯ ತಳಪಾಯವಾಗಿಯೂ ಹೋಗುವುದನ್ನು ನಾವು ಬಲ್ಲೆವು. ಕಲ್ಲು ಹೋದ ಮೇಲೆ ಪುಸ್ತಕದ ಪ್ರತಿಯೇ ಮೂಲದ ಸ್ಥಾನದಲ್ಲಿ ನಿಲ್ಲುತ್ತದೆ.

ಕಲ್ಲಿನ ಮಾತು ಹಾಗಿರಲಿ. ಕರ್ನಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಸುಮಾರು ೬೭ ಲಕ್ಷ ರೈತರ ಎರಡು ಕೋಟಿ ಪಹಣಿಗಳು ಶಾನುಭೋಗರ ಕಾಲದ ಪುಸ್ತಕಗಳಿಂದ ೧೭೭ ತಾಲ್ಲೂಕುಗಳ ಕಂಪ್ಯೂಟರುಗಳಿಗೆ ಏರಿದುವು. ಅಂದಿನಿಂದ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕಚೇರಿಯ ಕಿಟಕಿಯಲ್ಲಿ ನಿಂತ ಪ್ರತಿಯೊಬ್ಬನಿಗೂ ಪರಿಚಿತವಾಗಿದೆ. ಕಿಟಕಿಯಲ್ಲಿ ನಿಂತವನಿಗೆ ತೊಂದರೆ ಕೂಡಲೆ ಕಾಣುತ್ತದೆ. ಅವನು ಗೊಣಗಿಕೊಂಡಾದರೂ ಮರುದಿನ ಬರುತ್ತಾನೆ. ರಾತ್ರಿಯ ಬ್ಯಾಕಪ್ಪಿನ ಮುಂದೆ ನಿಲ್ಲುವವರೇ ಇಲ್ಲ. ಅದು ನಿಂತುಹೋದರೆ ಗೊಣಗುವವರೂ ಇಲ್ಲ.

ದೂರದಲ್ಲಿ ಪ್ರತಿಯಿಡದಿದ್ದರೆ ಏನಾದೀತೆಂಬುದಕ್ಕೆ ಹೊರದೇಶದ ಒಂದೇ ನಿದರ್ಶನ ಸಾಕು. ೨೦೨೫ನೆಯ ಸೆಪ್ಟೆಂಬರ್ ೨೬ರಂದು ದಕ್ಷಿಣ ಕೊರಿಯದ ಡೇಜಾನ್ ನಗರದಲ್ಲಿದ್ದ ಸರ್ಕಾರದ ಮಾಹಿತಿ ಕೇಂದ್ರಕ್ಕೆ ಬೆಂಕಿ ಬಿದ್ದು, ಸರ್ಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ ಎಂಬ ಉಗ್ರಾಣದ ೮೫೮ ಟೆರಾಬೈಟು ಬರಹವು ನಾಶವಾಯಿತು. ಗಾತ್ರವು ಅತಿಯಾಯಿತೆಂಬ ಕಾರಣದಿಂದ ಅದಕ್ಕೆ ಬೇರೆಡೆ ಪ್ರತಿಯನ್ನು ಇಟ್ಟಿರಲಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡುವುದೆಂಬ ನಮ್ಮ ಗಾದೆಯು ಆ ದೇಶಕ್ಕೂ ಸಲ್ಲುವಂತಾಯಿತು.

ಶಿಡ್ಲಘಟ್ಟದ ಮನೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರನ್ನು ಕೇಳದವರು ವಿರಳ. ಅಲ್ಲಿ ಗೂಡನ್ನು ಕೊಂಡು, ನೂಲು ಬಿಚ್ಚಿಸಿ, ರೇಷ್ಮೆಯನ್ನು ಮಾರುವ ಕಸಬು ನಮ್ಮ ಮಿತ್ರರದು. ದಿನವೂ ಕೊಂಡ ಗೂಡಿನ ತೂಕ ಮತ್ತು ದರ, ಕೆಲಸದ ಹೆಂಗಸರ ಕೂಲಿ ಮತ್ತು ಮುಂಗಡ, ಸಾಲವಾಗಿ ಕೊಟ್ಟ ನೂಲಿನ ಬಾಕಿ, ಇಷ್ಟನ್ನೂ ಕಂಪ್ಯೂಟರಿನಲ್ಲಿ ಬರೆಯುವವಳು ಅವರ ಹಿರಿಯ ಸೊಸೆ. ಅದರ ಪ್ರತಿಯು ರಾತ್ರಿ ಹತ್ತು ಗಂಟೆಗೆ ತಾನಾಗಿಯೇ ಬೆಂಗಳೂರಿನ ಒಂದು ಬಾಡಿಗೆಯ ಸರ್ವರಿಗೆ ಹೋಗುವಂತೆ ಏರ್ಪಾಡಾಗಿದ್ದಿತು. ಮೂರು ವರ್ಷಗಳ ಕಾಲ ಅದು ಹೋಗುತ್ತಲೂ ಇದ್ದಿತು.

ಒಂದು ವರ್ಷ ಆಯುಧಪೂಜೆಯ ದಿನ ತಕ್ಕಡಿಗೂ ಬಿಚ್ಚಾಣಿಕೆಯ ಯಂತ್ರಗಳಿಗೂ ಕಂಪ್ಯೂಟರಿಗೂ ಅರಿಶಿನ ಕುಂಕುಮವಿಟ್ಟು ಪೂಜೆ ಮಾಡಿದರು. ನಾಲ್ಕನೆಯ ದಿನ ಬೆಳಗ್ಗೆ ಡಿಸ್ಕು ಎರಡು ಸಲ ಟಕಟಕ ಸದ್ದು ಮಾಡಿ ನಿಂತುಹೋಯಿತು. ‘ಚಿಂತೆಯಿಲ್ಲ, ಬೆಂಗಳೂರಿನಲ್ಲಿ ಪ್ರತಿಯಿದೆ’ ಎಂದು ಮಿತ್ರರು ಹೇಳಿ ಕಾಫಿ ಕುಡಿದರು. ಹೊಸ ಡಿಸ್ಕು ಹಾಕಿಸಿ ಪ್ರತಿಯನ್ನು ತರಿಸಿ ನೋಡಿದರೆ, ಅದರಲ್ಲಿದ್ದ ಕೊನೆಯ ಬರಹವು ಇಪ್ಪತ್ತಮೂರು ದಿನಗಳ ಹಿಂದಿನದು!

ಆ ಇಪ್ಪತ್ತಮೂರು ರಾತ್ರಿಗಳಲ್ಲಿಯೂ ಯಂತ್ರವು ತನ್ನ ದಿನಚರಿಯಲ್ಲಿ ‘ಟೈಮ್‌ಔಟ್’ ಎಂದು ಬರೆದು, ಆ ದಿನಚರಿಯ ಒಂದು ನಕಲನ್ನು ಬೆಂಗಳೂರಿಗೂ ಕಳುಹಿಸಿದ್ದಿತು. ಚಿಕ್ಕ ಬರಹವಾದುದರಿಂದ ಅದು ಮಾತ್ರ ಪ್ರತಿರಾತ್ರಿಯೂ ತಲುಪಿದ್ದಿತು, ಓದಿದವರಿರಲಿಲ್ಲ. ಮಾರುಕಟ್ಟೆಯ ಚೀಟಿಗಳು ಒಂದು ಡಬ್ಬಿಯಲ್ಲಿ ಸಿಕ್ಕಿದ್ದರಿಂದ ಗೂಡಿನ ಲೆಕ್ಕವು ಹೇಗೋ ಕೂಡಿಬಂದಿತು. ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ಬಂದು, ತಾವು ಪಡೆದ ಮುಂಗಡವನ್ನು ತಾವೇ ಹೇಳಿ ಬರೆಯಿಸಿದರು. ಒಬ್ಬ ಮುದುಕಿಯಂತೂ ಎರಡು ಸಾವಿರ ರೂಪಾಯಿಯನ್ನು ಮಿತ್ರರು ಮರೆತೇಬಿಟ್ಟಿದ್ದರೂ ತಾನಾಗಿ ನೆನಪು ಮಾಡಿಕೊಟ್ಟಳು. ನೂಲಿನ ಬಾಕಿಯಲ್ಲಿ ಮಾತ್ರ ಹಾಗಾಗಲಿಲ್ಲ. ಇಪ್ಪತ್ತು ವರ್ಷಗಳ ಗಿರಾಕಿಯೊಬ್ಬರು ತಾವು ಹಣ ಸಲ್ಲಿಸಿದ್ದೇವೆಂದರು; ಮಿತ್ರರಿಗೆ ಸಂದ ನೆನಪಿಲ್ಲ; ಇಬ್ಬರ ಕೈಯಲ್ಲಿಯೂ ಕಾಗದವಿಲ್ಲ. ಇಬ್ಬರೂ ಸುಳ್ಳಾಡುವವರಲ್ಲವೆಂಬುದನ್ನು ನಾವು ಬಲ್ಲೆವು. ಮಾತಿಗೆ ಮಾತು ಬೆಳೆದು, ಆ ಮನೆಗೂ ಈ ಮನೆಗೂ ಇದ್ದ ಹೋಗಿಬರುವ ಬಳಕೆಯು ಅಂದಿಗೆ ನಿಂತಿತು. ಹೋದ ಹಣಕ್ಕಿಂತ ಇದೇ ಮಿತ್ರರಿಗೆ ಹೆಚ್ಚಿನ ನಷ್ಟವಾಗಿ ಕಂಡಿತು.

“ಮಾವನವರೆ, ಯಂತ್ರವು ದಿನವೂ ಹೇಳುತ್ತಲೇ ಇದ್ದಿತು, ನಾನು ಕೇಳಲಿಲ್ಲ” ಎಂದು ಸೊಸೆಯು ಕಣ್ಣಿನಲ್ಲಿ ನೀರು ತಂದುಕೊಂಡಳು.

“ನಾನೂ ಕೇಳಲಿಲ್ಲವಮ್ಮ. ಈಗ ಏಕೆ ನಿಂತಿತೆಂಬುದನ್ನು ನೋಡು” ಎಂದರು ಮಿತ್ರರು.

ನಾವು ಅವರಲ್ಲಿಗೆ ಹೋದದ್ದು ಈ ಸಂದರ್ಭದಲ್ಲಿ. ನಾಲ್ಕು ದಿನ ಅಲ್ಲಿಯೇ ಇದ್ದು ಆಕೆಯ ಶೋಧನೆಯನ್ನು ನೋಡಿದೆವು.

ಯಂತ್ರಗಳ ಸಂಭಾಷಣೆ

ಶೋಧನೆಯನ್ನು ವಿವರಿಸುವುದಕ್ಕೆ ಮೊದಲು, ಎರಡು ಯಂತ್ರಗಳು ದೂರದಿಂದ ಹೇಗೆ ಮಾತನಾಡುವುವೆಂಬುದನ್ನು ಸ್ವಲ್ಪದರಲ್ಲಿ ತಿಳಿಯುವುದು ಅಗತ್ಯ. ವಿಂಟ್ ಸರ್ಫ್ ಮತ್ತು ಬಾಬ್ ಕಾನ್ ಎಂಬಿಬ್ಬರು ೧೯೭೪ರಲ್ಲಿ ಪ್ರಕಟಿಸಿದ ಲೇಖನದಿಂದ ಹುಟ್ಟಿದ ಕ್ರಮವೇ ಇಂದಿಗೂ ಇದಕ್ಕೆ ಆಧಾರ. ಕಳುಹಿಸಬೇಕಾದ ಬರಹವನ್ನು ಚಿಕ್ಕ ಚಿಕ್ಕ ಕಟ್ಟುಗಳಾಗಿ ಮಾಡಿ, ಪ್ರತಿಯೊಂದು ಕಟ್ಟಿನಲ್ಲಿಯೂ ಅದರ ಸ್ಥಾನವನ್ನು ಸೂಚಿಸುವ ಅಂಕೆಯನ್ನು ಹಾಕಿ ಬಿಡುತ್ತಾರೆ. ಬಂದ ಕಟ್ಟುಗಳಿಗೆ ಆ ಕಡೆಯ ಯಂತ್ರವು ‘ಇಷ್ಟರವರೆಗೆ ಮುಟ್ಟಿತು’ ಎಂದು ರಸೀತಿ ಕಳುಹಿಸುತ್ತದೆ. ರಸೀತಿ ಬಾರದಿದ್ದರೆ ಕಳುಹಿಸಿದ ಯಂತ್ರವು ಅದೇ ಕಟ್ಟನ್ನು ಮತ್ತೆ ಕಳುಹಿಸುತ್ತದೆ. ಆಗಲೂ ಬಾರದಿದ್ದರೆ ಮೊದಲಿಗಿಂತ ಹೆಚ್ಚು ಹೊತ್ತು ಕಾದು ಮತ್ತೊಮ್ಮೆ ಕಳುಹಿಸುತ್ತದೆ. ಹೀಗೆ ಕೆಲವು ಸಲ ಮಾಡಿ, ಕೊನೆಗೆ ಕೈಬಿಡುತ್ತದೆ. ಮಗಳನ್ನು ಅತ್ತೆಯ ಮನೆಗೆ ಕಳುಹಿಸಿದವರು ‘ಕ್ಷೇಮವಾಗಿ ತಲುಪಿದೆ’ ಎಂಬ ಕಾಗದಕ್ಕಾಗಿ ಎದುರುನೋಡುತ್ತಿದ್ದುದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಗೌರಿಬಿದನೂರಿನಲ್ಲಿ ಭಾಭಾ ಪರಮಾಣು ಸಂಶೋಧನ ಕೇಂದ್ರದವರ ಭೂಕಂಪ ಮಾಪನ ಕೇಂದ್ರವು ೧೯೬೫ರಿಂದ ಪ್ರಸಿದ್ಧವಾಗಿದೆ. ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ, ಎರಡು ತೋಳುಗಳ ಉದ್ದಕ್ಕೂ, ಇಪ್ಪತ್ತು ಕಡೆ ನೆಲದ ಕಂಪನವನ್ನು ಅಳೆಯುವ ಉಪಕರಣಗಳನ್ನಿರಿಸಿ, ಅವುಗಳ ಸಂಕೇತಗಳನ್ನು ಒಂದೇ ಪ್ರಯೋಗಶಾಲೆಗೆ ತರುವ ಏರ್ಪಾಡು ಅದು. ನೆಲವು ಒಮ್ಮೆ ನಡುಗಿದುದನ್ನು ಇನ್ನೊಮ್ಮೆ ನಡುಗೆಂದು ಕೇಳುವಂತಿಲ್ಲ. ಆ ಗಳಿಗೆಯಲ್ಲಿ ಬರೆದುಕೊಳ್ಳದ ಸಂಕೇತವು ಹೋದಂತೆಯೇ. ಬ್ಯಾಕಪ್ಪಿನ ಸಂಗತಿ ಹಾಗಲ್ಲ. ಮೂಲವು ಮನೆಯಲ್ಲಿಯೇ ಇರುವುದರಿಂದ ನೂರು ಸಲ ಬೇಕಾದರೂ ಮತ್ತೆ ಕಳುಹಿಸಬಹುದು. ಆದುದರಿಂದ ಒಂದು ರಾತ್ರಿಯ ಟೈಮ್‌ಔಟು ವಿಪತ್ತಲ್ಲ. ಅದು ತಿಳಿಯದೆ ಹೋಗುವುದೇ ವಿಪತ್ತು.

ಸೊಸೆಯ ಪುಸ್ತಕ

ಆಕೆಯು ಮೊದಲು ಮಾಡಿದ ಕೆಲಸವೆಂದರೆ ಒಂದು ಗೆರೆಯ ಪುಸ್ತಕವನ್ನು ತೆಗೆದುಕೊಂಡು ನಾಲ್ಕು ಕಲಮುಗಳನ್ನು ಹಾಕಿದುದು: ಹೊರಟ ಹೊತ್ತು, ಏನು ನಡೆಯುತ್ತಿರುವಾಗ ನಿಂತಿತು, ನಿಂತ ಹೊತ್ತು, ಆ ದಿನ ಏನನ್ನು ಬದಲಾಯಿಸಿದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸುವುದೆಂದು ನಿಯಮ ಮಾಡಿಕೊಂಡಳು. ಗಾಬರಿಯಿಂದ ನಾಲ್ಕನ್ನು ಒಟ್ಟಿಗೆ ಬದಲಾಯಿಸಿದರೆ, ಗುಣವಾದರೂ ಯಾವ ಔಷಧದಿಂದ ಗುಣವಾಯಿತೆಂಬುದು ತಿಳಿಯದು.

ಮೊದಲನೆಯ ದಿನ ರಾತ್ರಿ ಹತ್ತಕ್ಕೆ ಹೊರಡಿಸಿದಳು; ನಿಂತಿತು. ಎರಡನೆಯ ದಿನ ಮಧ್ಯಾಹ್ನ ಎರಡಕ್ಕೆ ಹೊರಡಿಸಿದಳು. ಹೊರಟ ಮೇಲೆ ಅಷ್ಟೇ ನಿಮಿಷಗಳಿಗೆ ನಿಂತಿತು. ಆದುದರಿಂದ ಇದು ರಾತ್ರಿಯ ದೋಷವಲ್ಲ, ಕರೆಂಟಿನ ದೋಷವಲ್ಲ, ಗಡಿಯಾರದ ದೋಷವೂ ಅಲ್ಲ. ದೂರದ ಸರ್ವರಿಗೆ ಪಿಂಗ್ ಎಂಬ ಚಿಕ್ಕ ಕೂಗನ್ನು ನೂರು ಸಲ ಕಳುಹಿಸಿದಳು, ನೂರಕ್ಕೂ ಓಗೊಟ್ಟಿತು. ಆದುದರಿಂದ ಆ ಯಂತ್ರವು ಬದುಕಿದೆ, ದಾರಿಯೂ ತೆರೆದಿದೆ. ಮೂರನೆಯ ದಿನ ಎಲ್ಲ ಲೆಕ್ಕವನ್ನೂ ಕಳುಹಿಸದೆ, ಒಂದು ತಿಂಗಳ ಬಿಲ್ಲುಗಳಿದ್ದ ಒಂದೇ ಕಡತವನ್ನು ಕಳುಹಿಸಿದಳು, ಪೂರ್ತಿಯಾಗಿ ತಲುಪಿತು. ಐದು ವರ್ಷಗಳ ಕಡತವನ್ನು ಕಳುಹಿಸಿದಳು; ನಿಂತಿತು.

ನಿಂತದ್ದು ಎಲ್ಲಿ? ಪುಸ್ತಕವನ್ನು ನೋಡಲಾಗಿ, ಪ್ರತಿಸಲವೂ ಅದು ನಿಂತದ್ದು ಬರಹವನ್ನು ಸಾಗಿಸುವಾಗಲ್ಲ. ಸಾಗಿಸುವುದಕ್ಕೆ ಮೊದಲು, ಹಳೆಯ ಪ್ರತಿಗೂ ಹೊಸ ಮೂಲಕ್ಕೂ ಇರುವ ವ್ಯತ್ಯಾಸವನ್ನು ಎರಡು ಯಂತ್ರಗಳೂ ತಮ್ಮ ತಮ್ಮಲ್ಲಿ ಲೆಕ್ಕ ಹಾಕುತ್ತಿರುವಾಗ. ಆ ಲೆಕ್ಕ ನಡೆಯುವಷ್ಟು ಕಾಲವೂ ತಂತಿಯ ಮೇಲೆ ಒಂದಕ್ಷರವೂ ಹರಿಯುವುದಿಲ್ಲ. ಚಿಕ್ಕ ಕಡತಕ್ಕೆ ಈ ಮೌನವು ಒಂದು ನಿಮಿಷ. ದೊಡ್ಡದಕ್ಕೆ ಇಪ್ಪತ್ತು ನಿಮಿಷ. ಮೌನವು ಐದು ನಿಮಿಷವನ್ನು ದಾಟಿದರೆ ಸಾಕು, ಆ ಮೇಲೆ ಎಷ್ಟು ಕೂಗಿದರೂ ಉತ್ತರವಿಲ್ಲ.

ಐದು ನಿಮಿಷಕ್ಕೆ ಸರಿಯಾಗಿ ಸಾಯುವ ಸಂಭಾಷಣೆಗೆ ಕಾರಣನಾದವನು ಈ ತುದಿಯವನೂ ಅಲ್ಲ, ಆ ತುದಿಯವನೂ ಅಲ್ಲ, ನಡುವಿನವನು. ಮನೆಯಲ್ಲಿನ ಕಂಪ್ಯೂಟರು, ಫೋನುಗಳು ಮೊದಲಾದುವೆಲ್ಲ ಹೊರಜಗತ್ತಿಗೆ ಒಂದೇ ವಿಳಾಸದಿಂದ ಮಾತನಾಡುವಾಗ, ಯಾರ ಮಾತು ಯಾರಿಗೆ ಸೇರತಕ್ಕದ್ದೆಂಬುದನ್ನು ರೌಟರೆಂಬ ಪೆಟ್ಟಿಗೆಯು ಪಟ್ಟಿ ಬರೆದಿಟ್ಟುಕೊಳ್ಳುತ್ತದೆ. ಪಟ್ಟಿ ಬೆಳೆಯದಿರಲೆಂದು, ಕೆಲವು ಕಾಲ ಸದ್ದಿಲ್ಲದ ಸಂಭಾಷಣೆಗಳನ್ನು ಮುಗಿದುವೆಂದು ಅಳಿಸಿಹಾಕುತ್ತದೆ. ಆ ಅವಧಿಯು ಒಂದೊಂದು ಪೆಟ್ಟಿಗೆಗೆ ಒಂದೊಂದು. ಮಿತ್ರರ ಮನೆಯಲ್ಲಿ ಇಪ್ಪತ್ತಮೂರು ದಿನಗಳ ಹಿಂದೆ ಹಳೆಯ ರೌಟರನ್ನು ತೆಗೆದು ಹೊಸದನ್ನು ಇರಿಸಿದ್ದರು. ಹಳೆಯದು ತಾಳ್ಮೆಯುಳ್ಳದ್ದು, ಹೊಸದು ಐದು ನಿಮಿಷಕ್ಕೆ ಮರೆಯತಕ್ಕದ್ದು. ಯಾವುದೇ ಯಂತ್ರವು ಕೆಟ್ಟಿರಲಿಲ್ಲ. ಎಲ್ಲವೂ ತಂತಮ್ಮ ನಿಯಮದಂತೆ ನಡೆದುಕೊಂಡೇ ಲೆಕ್ಕವನ್ನು ಕಳೆದಿದ್ದುವು.

ಹಾಗಾದರೆ ಉಪಾಯವೇನು? ಅಜ್ಜಿಯು ಕಥೆ ಹೇಳುವಾಗ ಮೊಮ್ಮಗನು ಹೂಂಗುಟ್ಟುತ್ತಿರಬೇಕೆಂಬ ಪದ್ಧತಿಯನ್ನು ವಾಚಕರು ಬಲ್ಲರು. ‘ಹೂಂ’ ಎಂಬುದರಲ್ಲಿ ಅರ್ಥವೇನೂ ಇಲ್ಲ. ಎಚ್ಚರವಾಗಿದ್ದೇನೆ ಎಂಬುದಷ್ಟೇ ಅದರ ಸಂದೇಶ. ಹೂಂಕಾರ ನಿಂತರೆ ಮಗುವು ಮಲಗಿತೆಂದು ಅಜ್ಜಿಯು ಕಥೆಯನ್ನು ನಿಲ್ಲಿಸುತ್ತಾಳೆ. ಯಂತ್ರಗಳಿಗೂ ಇಂಥ ಹೂಂಕಾರವನ್ನು ಕಲಿಸಬಹುದು. ಲಿನಕ್ಸ್ ಯಂತ್ರಗಳಲ್ಲಿ ಆ ಸೌಕರ್ಯವನ್ನು ಬಳಸುವ ಸಂಭಾಷಣೆಗಳಿಗೆ ರೂಢಿಯಿಂದ ಇರುವ ಏರ್ಪಾಡಿನಲ್ಲಿ ಮೊದಲ ಹೂಂಕಾರವು ೭೨೦೦ ಸೆಕೆಂಡುಗಳ, ಎಂದರೆ ಎರಡು ಗಂಟೆಗಳ ಮೌನದ ಮೇಲೆ ಬರುತ್ತದೆ. ಐದು ನಿಮಿಷಕ್ಕೆ ಮರೆಯುವವನಿಗೆ ಎರಡು ಗಂಟೆಯ ಮೇಲೆ ಹೂಂಗುಟ್ಟಿ ಫಲವೇನು? ಸೊಸೆಯು ಬ್ಯಾಕಪ್ಪು ಹೋಗುವ ಎಸ್‌ಎಸ್‌ಎಚ್ ಎಂಬ ಮಾರ್ಗದ ಏರ್ಪಾಡಿನಲ್ಲಿ ‘ಸರ್ವರ್ ಅಲೈವ್ ಇಂಟರ್‌ವಲ್’ ಎಂಬುದಕ್ಕೆ ೬೦ ಎಂದು ಬರೆದಳು. ಆ ಮೇಲೆ ಮೌನದ ನಡುವೆ ನಿಮಿಷಕ್ಕೊಂದು ಹೂಂಕಾರವು ಹೋಗುವುದಕ್ಕೆ ಮೊದಲಾಯಿತು. ನಾಲ್ಕನೆಯ ರಾತ್ರಿ ಹತ್ತಕ್ಕೆ ಹೊರಟ ಪ್ರತಿಯು ಒಂದು ಗಂಟೆಯೊಳಗೆ ಬೆಂಗಳೂರನ್ನು ಮುಟ್ಟಿತು.

ಇಲ್ಲಿ ಒಂದು ಎಚ್ಚರಿಕೆ. ಟೈಮ್‌ಔಟ್ ಎಂಬುದನ್ನು ಕಂಡ ಕೂಡಲೆ ಕಾಯುವ ಅವಧಿಯನ್ನು ಹೆಚ್ಚಿಸುವುದು ಅನೇಕರ ಅಭ್ಯಾಸ. ಆ ಕಡೆಯ ಯಂತ್ರವು ನಿಜವಾಗಿ ಕೆಲಸದಲ್ಲಿದ್ದು, ಉತ್ತರ ಕೊಡುವುದಕ್ಕೆ ತಡವಾಗುತ್ತಿದ್ದರೆ ಅದು ಸರಿಯಾದ ಚಿಕಿತ್ಸೆಯೇ. ಆದರೆ ನಡುವಿನವನು ದಾರಿಯನ್ನೇ ಮರೆತಿದ್ದರೆ, ಬಾರದ ಬಸ್ಸಿಗೆ ಇನ್ನೂ ಎರಡು ಗಂಟೆ ಹೆಚ್ಚಾಗಿ ಕಾದಂತಾಗುತ್ತದೆ.

ಬೇರೆ ಊರು, ಬೇರೆ ಕಾರಣ

ಟೈಮ್‌ಔಟಿಗೆಲ್ಲ ಇದೊಂದೇ ಕಾರಣವೆಂದು ತಿಳಿಯಬಾರದು. ಜ್ವರವೊಂದೇ ಆದರೂ ಅದರ ಮೂಲಗಳು ಹಲವಷ್ಟೆ.

ಚಿಕ್ಕಬಳ್ಳಾಪುರದಲ್ಲಿ ಮದುವೆಗಳ ಛಾಯಾಚಿತ್ರ ತೆಗೆಯುವ ನಮ್ಮ ಪರಿಚಿತರೊಬ್ಬರಿಗೆ ಒಂದು ಮದುವೆಯಿಂದ ೪೦ ಗಿಗಾಬೈಟು ಚಿತ್ರಗಳಾಗುತ್ತಿದ್ದುವು. ಅವರ ತಂತಿಯು ಮೇಲಕ್ಕೆ ಕಳುಹಿಸುವ ವೇಗವು ಸೆಕೆಂಡಿಗೆ ೧೦ ಮೆಗಾಬಿಟ್ಟು. ಒಂದು ಬೈಟಿಗೆ ಎಂಟು ಬಿಟ್ಟುಗಳಾದುದರಿಂದ ೪೦ ಗಿಗಾಬೈಟೆಂದರೆ ೩,೨೦,೦೦೦ ಮೆಗಾಬಿಟ್ಟು. ಅದಕ್ಕೆ ೩೨,೦೦೦ ಸೆಕೆಂಡು, ಎಂದರೆ ಹೆಚ್ಚು ಕಡಿಮೆ ಒಂಬತ್ತು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಹೊರಟದ್ದು ಬೆಳಗ್ಗೆ ಎಂಟಕ್ಕೆ ಮುಟ್ಟಬೇಕು. ಅಂಗಡಿಯ ಹುಡುಗನು ಕಸಗುಡಿಸಲು ಆರಕ್ಕೆ ಬಂದು ರೌಟರಿನ ಸ್ವಿಚ್ಚನ್ನು ಆರಿಸುತ್ತಿದ್ದನು. ಯಂತ್ರವು ಉತ್ತರಕ್ಕೆ ಕಾದು ಟೈಮ್‌ಔಟ್ ಎನ್ನುತ್ತಿದ್ದಿತು. ಮರುರಾತ್ರಿ ಮತ್ತೆ ಮೊದಲಿನಿಂದ ಹೊರಡುತ್ತಿದ್ದಿತು. ದಾರಿಯ ದೋಷವೆಂದು ಅವರು ಒಂದು ತಿಂಗಳು ದೂರುತ್ತಿದ್ದುದು ಕೇವಲ ಗುಣಾಕಾರ ಭಾಗಾಕಾರಗಳ ದೋಷವಾಗಿದ್ದಿತು. ಕಳುಹಿಸಬೇಕಾದುದನ್ನು ವೇಗದಿಂದ ಭಾಗಿಸಿ ನೋಡುವುದು ಎಲ್ಲಕ್ಕಿಂತ ಮೊದಲು ಮಾಡತಕ್ಕ ಕೆಲಸ.

ಇದಕ್ಕೆ ಉಪಾಯವನ್ನು ರೇಷ್ಮೆಯ ನೂಲು ಬಿಚ್ಚುವವರಿಂದ ಕಲಿಯಬಹುದು. ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆಯು ಕಡಿದರೆ, ಬಿಚ್ಚುವವಳು ಸುತ್ತಿದ ನೂಲನ್ನೆಲ್ಲ ಎಸೆದು ಮತ್ತೆ ಮೊದಲು ಮಾಡುವಳೆ? ಕಡಿದಲ್ಲಿಗೇ ಹೊಸ ತುದಿಯನ್ನು ಸೇರಿಸಿ ಮುಂದುವರಿಸುತ್ತಾಳೆ. ಆಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬವರು ಆಸ್ಟ್ರೇಲಿಯದಲ್ಲಿ ೧೯೯೬ರಲ್ಲಿ ಹೊರತಂದ ‘ಆರ್‌ಸಿಂಕ್’ ಎಂಬ ಸಾಧನವು, ಆ ಕಡೆ ಈಗಾಗಲೆ ಇರುವುದನ್ನು ಬಿಟ್ಟು ಬದಲಾದ ಭಾಗವನ್ನು ಮಾತ್ರ ಕಳುಹಿಸುತ್ತದೆ. ಅರ್ಧ ತಲುಪಿದ ಕಡತವನ್ನು ಉಳಿಸಿಕೊಂಡು ಮುಂದುವರಿಸುವಂತೆಯೂ ಅದಕ್ಕೆ ಹೇಳಬಹುದು. ಪರಿಚಿತರು ಇದನ್ನು ಅನುಸರಿಸಿದ ಮೇಲೆ ಮೊದಲ ಪ್ರತಿಗೆ ಎರಡು ರಾತ್ರಿ ಹಿಡಿಯಿತು. ಆ ಬಳಿಕ ಹೊಸ ಚಿತ್ರಗಳು ಮಾತ್ರ ಹೋಗುತ್ತಿವೆ.

ಗೌರಿಬಿದನೂರಿನ ಒಂದು ಔಷಧದ ಅಂಗಡಿಯಲ್ಲಿ ಕಂಡ ದೋಷವು ಇನ್ನೂ ವಿಚಿತ್ರ. ಅಲ್ಲಿ ಪಿಂಗ್ ಓಗೊಡುತ್ತಿದ್ದಿತು, ಸರ್ವರಿನೊಳಗೆ ಪ್ರವೇಶವೂ ಆಗುತ್ತಿದ್ದಿತು. ಬರಹವನ್ನು ಸಾಗಿಸಲು ಮೊದಲು ಮಾಡಿದ ಗಳಿಗೆಯಲ್ಲಿಯೇ ಎಲ್ಲವೂ ಸ್ತಬ್ಧ. ಚಿಕ್ಕ ಕಟ್ಟುಗಳು ಹೋಗುತ್ತಿದ್ದುವು, ದೊಡ್ಡ ಕಟ್ಟುಗಳು ಮಾಯವಾಗುತ್ತಿದ್ದುವು. ಸಾಮಾನ್ಯ ತಂತಿಯಲ್ಲಿ ಒಂದು ಕಟ್ಟಿನ ಗರಿಷ್ಠ ಗಾತ್ರ ೧೫೦೦ ಬೈಟು. ಹೆಸರು ಗುಟ್ಟುಗಳನ್ನು ಕೊಟ್ಟು ಕೂಡಿಕೊಳ್ಳುವ ಪಿಪಿಪಿಒಇ ಎಂಬ ಬಗೆಯ ಸಂಪರ್ಕದಲ್ಲಿ ಎಂಟು ಬೈಟು ಮೇಲುಹೊದಿಕೆಗೆ ಹೋಗಿ ೧೪೯೨ ಮಾತ್ರ ಉಳಿಯುತ್ತದೆ. ರೈಲು ಸೇತುವೆಯ ಕೆಳಗೆ ಬರಿಯ ಬಂಡಿಯು ದಾಟಿ, ಹುಲ್ಲು ಹೇರಿದ ಬಂಡಿಯು ಸಿಕ್ಕಿಕೊಂಡಂತೆ ಇದು. ‘ಗಾತ್ರ ಹೆಚ್ಚಾಯಿತು, ಕಡಿಮೆ ಮಾಡಿ ಕಳುಹಿಸು’ ಎಂಬ ಸುದ್ದಿಯು ಹಿಂದಕ್ಕೆ ಬರಬೇಕು. ಅತಿ ಜಾಗರೂಕತೆಯ ಫೈರ್‌ವಾಲೊಂದು ಆ ಸುದ್ದಿಯನ್ನೂ ತಡೆದರೆ ಕಳುಹಿಸುವವನಿಗೆ ಏನೂ ತಿಳಿಯದು. ಇದನ್ನು ಪರೀಕ್ಷಿಸುವುದು ಸುಲಭ. ಕಟ್ಟನ್ನು ಒಡೆಯಕೂಡದೆಂದು ವಿಧಿಸಿ ೧೪೭೨ ಬೈಟಿನ ಪಿಂಗನ್ನು ಕಳುಹಿಸಬೇಕು. ತಲೆಬರಹದ ೨೮ ಸೇರಿ ಅದು ೧೫೦೦ ಆಗುತ್ತದೆ. ಅದು ಹೋಗದೆ ೧೪೬೪ರದು ಹೋದರೆ ದೋಷವು ಗಾತ್ರದ್ದೇ ಎಂದು ತಿಳಿಯಬಹುದು. ರೌಟರಿನಲ್ಲಿ ಗಾತ್ರವನ್ನು ೧೪೯೨ಕ್ಕೆ ಇಳಿಸಿದ ಕೂಡಲೆ ಆ ಅಂಗಡಿಯ ಪ್ರತಿಯು ಹೊರಟಿತು.

ಚಿಂತಾಮಣಿಯ ಒಬ್ಬ ಮಂಡಿಯವರಲ್ಲಿ ಬ್ಯಾಕಪ್ಪು ಒಂದು ದಿನ ಹತ್ತು ನಿಮಿಷಕ್ಕೆ, ಒಂದು ದಿನ ಎರಡು ಗಂಟೆಗೆ, ಕ್ರಮವಿಲ್ಲದೆ ನಿಲ್ಲುತ್ತಿದ್ದಿತು. ನೂರು ಪಿಂಗುಗಳಲ್ಲಿ ಏಳೆಂಟು ಹಿಂದಿರುಗುತ್ತಿರಲಿಲ್ಲ. ಮೂಟೆಗಳ ಹಿಂದೆ ಹಾದುಹೋಗಿದ್ದ ಕೇಬಲನ್ನು ಇಲಿಯು ಕಡಿದು ಒಂದೆರಡು ಎಳೆಗಳು ಮಾತ್ರ ಅಂಟಿಕೊಂಡಿದ್ದುವು. ಕೇಬಲನ್ನು ಬದಲಾಯಿಸಿದರು, ಗುಣವಾಯಿತು. ಇದರಲ್ಲಿ ಹೆಚ್ಚಿಗೆ ಹೇಳಬೇಕಾದುದಿಲ್ಲ.

ಇಷ್ಟರಿಂದ ಗೃಹಸ್ಥರು ನೆನಪಿನಲ್ಲಿಡತಕ್ಕದ್ದು ಇದು: ಸಾಗಾಣಿಕೆ ಮೊದಲಾದ ಕೂಡಲೆ ನಿಂತರೆ ಗಾತ್ರವನ್ನು ಸಂಶಯಪಡಬೇಕು. ಮೌನವಾದ ಮೇಲೆ ಪ್ರತಿಸಲವೂ ಅಷ್ಟೇ ನಿಮಿಷಕ್ಕೆ ನಿಂತರೆ ನಡುವಿನವನ ಮರೆವನ್ನು ಸಂಶಯಪಡಬೇಕು. ಗಡಿಯಾರದ ಒಂದೇ ಹೊತ್ತಿಗೆ ನಿಂತರೆ ಆ ಹೊತ್ತಿನಲ್ಲಿ ಮನೆಯಲ್ಲಿ ಏನು ನಡೆಯುವುದೆಂಬುದನ್ನು ನೋಡಬೇಕು. ಕ್ರಮವಿಲ್ಲದೆ ನಿಂತರೆ ತಂತಿಯನ್ನು ಕೈಯಿಂದ ಮುಟ್ಟಿ ನೋಡಬೇಕು. ಇದಕ್ಕೆಲ್ಲ ಆಧಾರವಾದುದು ಶಿಡ್ಲಘಟ್ಟದ ಆ ಗೆರೆಯ ಪುಸ್ತಕ. ನಿಂತ ಹೊತ್ತನ್ನು ಬರೆಯದವನಿಗೆ ನಿಂತ ಕಾರಣವೂ ಸಿಕ್ಕದು.

ಪ್ರಮಾಣಿಸಿ ನೋಡುವುದು

ದೋಷವು ಗುಣವಾದ ಮೇಲೂ ಕೆಲಸವು ಮುಗಿಯಲಿಲ್ಲ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಹಿರಿಯರ ಮಾತು ಬ್ಯಾಕಪ್ಪಿಗೆ ಸಲ್ಲುವಷ್ಟು ಬೇರೊಂದಕ್ಕೆ ಸಲ್ಲಲಾರದು. ೨೦೧೭ನೆಯ ಜನವರಿ ೩೧ರಂದು, ಜಗತ್ತಿನ ಎಷ್ಟೋ ತಂತ್ರಜ್ಞರು ತಮ್ಮ ಬರಹವನ್ನಿಡುವ ‘ಗಿಟ್‌ಲ್ಯಾಬ್’ ಎಂಬ ಸಂಸ್ಥೆಯಲ್ಲಿ ಒಬ್ಬ ನೌಕರನು ಕೈತಪ್ಪಿನಿಂದ ಮೂಲ ಲೆಕ್ಕವನ್ನೇ ಅಳಿಸಿಬಿಟ್ಟನು. ಪ್ರತಿಯಿಡುವುದಕ್ಕೆ ಹಲವು ಏರ್ಪಾಡುಗಳಿದ್ದುವು. ತೆರೆದು ನೋಡಲಾಗಿ ನಿತ್ಯದ ಪ್ರತಿಯು ಬಹುಕಾಲದಿಂದ ಆಗಿಯೇ ಇರಲಿಲ್ಲ. ವಿಫಲವಾಯಿತೆಂದು ತಿಳಿಸುವ ಇ-ಮೇಲುಗಳು ಹೊರಟಿದ್ದರೂ, ಸೇರಬೇಕಾದವರನ್ನು ಸೇರದೆ ತಿರಸ್ಕೃತವಾಗಿದ್ದುವು. ಆಕಸ್ಮಿಕವಾಗಿ ಆರು ಗಂಟೆ ಮೊದಲು ಒಬ್ಬರು ತೆಗೆದಿಟ್ಟಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಸುಮಾರು ಆರು ಗಂಟೆಗಳ ಬರಹವು ಹೋಯಿತು. ಆ ಸಂಸ್ಥೆಯವರು ನಡೆದುದನ್ನು ಮರೆಮಾಚದೆ ತಾವೇ ಪ್ರಕಟಿಸಿದುದು ಮೆಚ್ಚತಕ್ಕದ್ದು. ಪರಿಣತರಿಗೇ ಹೀಗಾದರೆ, ರೇಷ್ಮೆಯ ವ್ಯಾಪಾರಿಗೆ ಆದುದರಲ್ಲಿ ಆಶ್ಚರ್ಯವೇನು?

ಬಲ್ಲವರು ಹೇಳುವ ನಿಯಮವು ಹೀಗಿದೆ: ಬರಹಕ್ಕೆ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿರಬೇಕು, ಅವುಗಳಲ್ಲಿ ಒಂದು ಮನೆಯಿಂದ ದೂರವಿರಬೇಕು. ಇದಕ್ಕೆ ಶಿಡ್ಲಘಟ್ಟದ ಸೊಸೆಯು ತನ್ನದೊಂದು ನಿಯಮವನ್ನು ಸೇರಿಸಿಕೊಂಡಿದ್ದಾಳೆ. ಪ್ರತಿದಿನ ಬೆಳಗ್ಗೆ ಗೂಡಿನ ಲೆಕ್ಕಕ್ಕೆ ಕೂಡುವುದಕ್ಕೆ ಮೊದಲು ರಾತ್ರಿಯ ದಿನಚರಿಯನ್ನು ಓದಿ, ಗೆರೆಯ ಪುಸ್ತಕದಲ್ಲಿ ತಾರೀಖಿನ ಮುಂದೆ ‘ಮುಟ್ಟಿತು’ ಎಂದೋ ‘ಮುಟ್ಟಲಿಲ್ಲ’ ಎಂದೋ ಬರೆಯುತ್ತಾಳೆ. ತಿಂಗಳ ಮೊದಲ ಭಾನುವಾರ ದೂರದ ಪ್ರತಿಯಿಂದ ಯಾವುದಾದರೂ ಒಂದು ಕಡತವನ್ನು ಬೇರೆ ಕಂಪ್ಯೂಟರಿಗೆ ತರಿಸಿ, ತೆರೆದು, ಮಾವನವರ ಎದುರಿಗೆ ಒಂದು ಬಿಲ್ಲನ್ನು ಗಟ್ಟಿಯಾಗಿ ಓದುತ್ತಾಳೆ. ಮಿತ್ರರು ಮಾರುಕಟ್ಟೆಯ ಕಾಗದದ ಚೀಟಿಯನ್ನು ಕೈಯಲ್ಲಿ ಹಿಡಿದು ಅಂಕೆಯನ್ನು ತಾಳೆ ನೋಡುತ್ತಾರೆ. ಕೆಲಸವು ಹತ್ತು ನಿಮಿಷದ್ದು.

ನಮ್ಮ ವಾಚಕರಲ್ಲಿ ಅನೇಕರ ಮನೆಗಳಲ್ಲಿ ಬ್ಯಾಕಪ್ಪಿನ ಏರ್ಪಾಡು ಇದ್ದೀತು. ಮಗನೋ ಅಳಿಯನೋ ರಜಕ್ಕೆ ಬಂದಾಗ ಮಾಡಿಕೊಟ್ಟು ಹೋಗಿರುವರು. ಅದು ನಡೆಯುತ್ತಿದೆಯೆಂಬ ನಂಬಿಕೆಯಿಂದ ಅವರು ನಿಶ್ಚಿಂತರಾಗಿರಬಹುದು. ಅಂಥವರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಈ ಲೇಖನವನ್ನು ಓದಿ ಮುಗಿಸಿದ ದಿನವೇ ಒಂದು ಕಡತವನ್ನು ಹಿಂದಕ್ಕೆ ತರಿಸಿ ತೆರೆದು ನೋಡಲಿ. ಬಂದರೆ ಸಂತೋಷ. ಬಾರದಿದ್ದರೆ, ಮೂಲವು ಇನ್ನೂ ಮನೆಯಲ್ಲಿರುವಾಗಲೇ ತಿಳಿಯಿತೆಂದು ಇನ್ನೂ ಸಂತೋಷಪಡತಕ್ಕದ್ದು.

ಕಳೆದ ತಿಂಗಳು ನಾವು ಮತ್ತೆ ಶಿಡ್ಲಘಟ್ಟಕ್ಕೆ ಹೋಗಿದ್ದಾಗ ಆ ಪುಸ್ತಕವನ್ನು ನೋಡಿದೆವು. ಪುಟದ ತುಂಬ ‘ಮುಟ್ಟಿತು’, ‘ಮುಟ್ಟಿತು’ ಎಂದಿದ್ದಿತು. ನಡುವೆ ಎರಡು ಕಡೆ ‘ಮುಟ್ಟಲಿಲ್ಲ, ಕರೆಂಟು ಇರಲಿಲ್ಲ, ಮಧ್ಯಾಹ್ನ ಕಳುಹಿಸಿದೆ’ ಎಂದಿದ್ದಿತು. ಹಳೆಯ ಗಿರಾಕಿಯವರ ಮಾತನ್ನು ಮಿತ್ರರು ತಾವಾಗಿ ಎತ್ತಲಿಲ್ಲ, ನಾವೂ ಕೇಳಲಿಲ್ಲ.